ಟರ್ಬೊ ಬದಲಿಸದೆ ಗಾಡಿ ಸರಿ ಮಾಡಿದ ಹಾಸನದ ಗ್ಯಾರೇಜ್

ಹಳೆ ಡೀಸೆಲ್ ಕಾರು ಇಟ್ಟುಕೊಂಡವರು ಈ ಗ್ಯಾರೇಜಿಗೆ ಧೈರ್ಯವಾಗಿ ಹೋಗಬಹುದು. ಏನನ್ನೂ ಬಿಚ್ಚುವ ಮೊದಲು ಅಳೆದು ನೋಡುತ್ತಾರೆ. ನನಗೆ ಇಷ್ಟವಾಗಿದ್ದು ಅದೇ.

ನನ್ನದು 2011ರ 1.3 ಲೀಟರ್ ಟರ್ಬೊ ಡೀಸೆಲ್ ಕಾರು. ಟರ್ಬೊ ಅಂದರೆ ಎಂಜಿನ್ ಒಳಗೆ ಗಾಳಿಯನ್ನು ಒತ್ತಿ ತುಂಬುವ ಪಂಪು. ಲೀಟರಿಗೆ 18 ಕೊಡುತ್ತಿದ್ದ ಗಾಡಿ 13ಕ್ಕೆ ಇಳಿದಿತ್ತು. ಶಿರಾಡಿ ಘಾಟಿ ಹತ್ತುವಾಗ ಮೂರನೇ ಗೇರಿನಲ್ಲೂ ಎಳೆಯುತ್ತಿರಲಿಲ್ಲ, ಪೂರ್ತಿ ತುಳಿದರೆ ಹಿಂದೆ ಬರೀ ಕಪ್ಪು ಹೊಗೆ. ಬೇರೆ ಕಡೆ ತೋರಿಸಿದಾಗ ಬಾನೆಟ್ ಎತ್ತಿ ಒಮ್ಮೆ ಇಣುಕಿ, ಟರ್ಬೊ ಹೋಗಿದೆ, ಹೊಸದು ಹಾಕಿ ಅಂದುಬಿಟ್ಟರು.

ಇಲ್ಲಿ ಮೇಸ್ತ್ರಿ ಮೊದಲು ಏರ್ ಫಿಲ್ಟರ್ ನೋಡಿದರು. ಆಮೇಲೆ ಜಾಕ್ ಹಾಕಿ ಒಂದೊಂದೇ ಚಕ್ರ ಕೈಯಲ್ಲಿ ತಿರುಗಿಸಿದರು. ಬ್ರೇಕ್ ಹಿಡಿದುಕೊಂಡಿದ್ದರೂ ಪಿಕಪ್, ಮೈಲೇಜ್ ಎರಡೂ ಬೀಳುತ್ತದಂತೆ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದಾಗ ಪಿ 0299 ಕೋಡ್ ಬಂತು, ಅಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ. ಅಷ್ಟಕ್ಕೇ ಟರ್ಬೊಗೆ ಕೈ ಹಾಕಲಿಲ್ಲ ಅವರು. ಸ್ಕ್ಯಾನರ್ ಹಾಗೇ ಬಿಟ್ಟು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರು ರಸ್ತೆಯಲ್ಲಿ ಓಡಿಸಿದರು. ಪೂರ್ತಿ ತುಳಿದರೂ ಒತ್ತಡ 130 ಕಿಲೋಪಾಸ್ಕಲ್ ದಾಟಲಿಲ್ಲ. ಇಂಥ ಎಂಜಿನ್‌ನಲ್ಲಿ ಅದು 200ರ ಹತ್ತಿರ ಬರಬೇಕು.

ವಾಪಸ್ ಬಂದು, ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪಿಗೆ ಕಂಪ್ರೆಸರ್ ಗಾಳಿ ಕೊಟ್ಟು ಸೋಪು ನೀರು ಹಾಕಿದರು ನೋಡಿ, ಕೆಳಗಡೆ ಕ್ಲಿಪ್ ಕೂರುವ ಜಾಗದಲ್ಲಿ ಗುಳ್ಳೆ ಗುಳ್ಳೆಯಾಗಿ ಬಂತು. ವಯಸ್ಸಾಗಿ ರಬ್ಬರ್ ಸೀಳಿತ್ತು, ಸುತ್ತ ಎಣ್ಣೆ ಜಿಡ್ಡು. ಟರ್ಬೊ ತಳ್ಳಿದ ಗಾಳಿ ಎಂಜಿನ್ ಸೇರುವ ಮೊದಲೇ ಸೋರಿಹೋದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಹೊಗೆಯಾಗಿ ಹೋಗುತ್ತದೆ. ಗಾಡಿ ಎಳೆಯುತ್ತಿಲ್ಲ ಅಂತ ನಾವು ಇನ್ನೂ ಜಾಸ್ತಿ ತುಳಿಯುತ್ತೇವೆ, ಅಲ್ವಾ? ಮೈಲೇಜ್ ಬಿದ್ದಿದ್ದು ಹೀಗೆ.

ಪೈಪ್ ಬದಲಿಸಿದರು, ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ಮಸಿ ಕಟ್ಟಿತ್ತು, ಅದನ್ನೂ ಕ್ಲೀನ್ ಮಾಡಿಕೊಟ್ಟರು. ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳ ಬಗ್ಗೆ ನಾನೇ ಕೇಳಿದೆ. ಅವುಗಳಿಂದ ಮಿಕ್ಕ ಡೀಸೆಲ್ ವಾಪಸ್ ಹೋಗುವ ರಿಟರ್ನ್ ಪೈಪುಗಳಿಗೆ ಸಣ್ಣ ಬಾಟಲಿ ಕಟ್ಟಿ, ನಾಲ್ಕರಲ್ಲೂ ಡೀಸೆಲ್ ಹೆಚ್ಚು ಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದನ್ನು ತೋರಿಸಿ, ಚೆನ್ನಾಗಿದಾವೆ ಸಾರ್, ಸುಮ್ನೆ ದುಡ್ಡು ಹಾಕಬೇಡಿ ಅಂದರು. ದುಡಿಮೆ ಬಿಟ್ಟುಕೊಟ್ಟು ಹೀಗೆ ಹೇಳುವವರು ಎಷ್ಟು ಜನ ಸಿಗುತ್ತಾರೆ ಹೇಳಿ. ಈಗ ಮೈಲೇಜ್ 17ರ ಮೇಲಿದೆ, ಕಪ್ಪು ಹೊಗೆ ನಿಂತಿದೆ.

ಜಾಗ ಚಿಕ್ಕದು, ಶನಿವಾರ ತುಂಬಾ ರಶ್, ಕಾಯಬೇಕಾಗುತ್ತದೆ. ಬೆಳಿಗ್ಗೆಯೇ ಹೋಗಿ. ಟ್ಯಾಂಕಿನಲ್ಲಿ ಡೀಸೆಲ್ ಇರಲಿ, ಓಡಿಸದೆ ಏನೂ ಹೇಳುವುದಿಲ್ಲ ಅವರು.