ಟಿಲ್ಲರಿಗೆ ಟ್ರೈಲರ್ ಸಿಕ್ಕಿಸಿ ಚಡಾವು ಇಳಿಯುವವರು ಇದನ್ನೊಮ್ಮೆ ಓದಿ

ಎರಡು ಪಕ್ಕೆಲುಬು ಬಿರುಕು ಬಿಟ್ಟು, ಆರು ವಾರ ಮನೆಯಲ್ಲಿ ಬಿದ್ದುಕೊಂಡು, ಈಗ ಎದ್ದು ಕೂತು ಬರೆಯುತ್ತಿದ್ದೇನೆ. ಪವರ್ ಟಿಲ್ಲರ್ ಹಿಂದೆ ಸಣ್ಣ ಟ್ರೈಲರ್ ಹಾಕಿಕೊಂಡು ತೋಟಕ್ಕೂ ಮನೆಗೂ ಓಡಾಡುವವರು ನಮ್ಮ ಮಲೆನಾಡಿನಲ್ಲಿ ಮನೆಗೊಬ್ಬರು ಇದ್ದೀರಿ. ನಾನು ಟಿಲ್ಲರ್ ಹಿಡಿದು 11 ವರ್ಷವಾಯಿತು. ಹೊಸಬನಿಗೆ ಆದ ಕಥೆ ಅಂತ ಓದದೆ ಬಿಡಬೇಡಿ.

ನಮ್ಮದು ತೀರ್ಥಹಳ್ಳಿ ಕಡೆ. ಡಾಂಬರು ರಸ್ತೆಯಿಂದ ಮನೆಗೆ ಮಣ್ಣಿನ ದಾರಿ, ಮಧ್ಯದಲ್ಲಿ ಒಂದು ಕಡಿದಾದ ಇಳುಕಲು. ಎಡಕ್ಕೆ ಗೋಡೆಯ ಹಾಗೆ ನಿಂತ ಮಣ್ಣಿನ ಧರೆ, ಬಲಕ್ಕೆ ಹತ್ತಡಿ ಕೆಳಗೆ ಅಡಿಕೆ ತೋಟ. ಇಳುಕಲಿನ ಕೊನೆಗೆ ದಾರಿ ಎಡಕ್ಕೆ ತಿರುಗುತ್ತದೆ. ಕೊಟ್ಟಿಗೆ ಕಟ್ಟಲು 300 ಜಂಬಿಟ್ಟಿಗೆ ಕಲ್ಲು ತರಿಸಿದ್ದೆ. ಲಾರಿ ಒಳಗೆ ಬರುವುದಿಲ್ಲ, ರಸ್ತೆ ಬದಿಗೆ ಇಳಿಸಿ ಹೋದರು. ಅಲ್ಲಿಂದ ಟ್ರೈಲರಿನಲ್ಲಿ ಸಾಗಿಸುವುದು.

ಮೊದಲ ನಾಲ್ಕು ಟ್ರಿಪ್ ತಲಾ 40 ಕಲ್ಲು. ಏನೂ ತೊಂದರೆಯಾಗಲಿಲ್ಲ. ಐದನೆಯದಕ್ಕೆ ಕತ್ತಲಾಗುವ ಹೊತ್ತು. ಬೇಗ ಮುಗಿಯಲಿ ಅಂತ 60 ಹಾಕಿಸಿದೆ. ಒಂದು ಕಲ್ಲು 25 ಕೆಜಿ ಅಂತ ಹಿಡಿದರೂ 15 ಕ್ವಿಂಟಾಲ್ ಆಯಿತು. ಟ್ರೈಲರ್ ಕೊಡುವಾಗ ಅಂಗಡಿಯವರು ಹೇಳಿದ್ದು 10. ಇಳಿಸಲು ಸುಲಭವಾಗಲಿ ಅಂತ ಕಲ್ಲನ್ನೆಲ್ಲ ಹಿಂದಿನ ಬಾಗಿಲ ಕಡೆಗೇ ಪೇರಿಸಿದೆವು. ಅದು ಬೇರೆ.

ಇಳುಕಲಿನ ನೆತ್ತಿಯಲ್ಲಿ ಗೇರ್ ಇಳಿಸಲಿಲ್ಲ. ಹೈ ಗೇರಿನಲ್ಲೇ ಬಿಟ್ಟು ಥ್ರಾಟಲ್ ಕಮ್ಮಿ ಮಾಡಿದೆ. ನಾಲ್ಕು ಮಾರು ಹೋಗುವುದರೊಳಗೆ ಹಿಂದಿನಿಂದ ಯಾರೋ ನೂಕಿದ ಹಾಗಾಯಿತು. ಟ್ರೈಲರ್ ಬ್ರೇಕಿನ ಪೆಡಲ್ ಒತ್ತಿದೆ. ಕಾಲು ಕೆಳಗೆ ಹೋಯಿತು, ಚಕ್ರ ಹಿಡಿಯಲಿಲ್ಲ. ಎರಡೂ ಕಾಲಿಟ್ಟು ನಿಂತೆ. ಊಹೂಂ. ಅಷ್ಟರಲ್ಲಿ ತಿರುವು ಬಂತು. ಎಡಕ್ಕೆ ಹೋಗಬೇಕಲ್ಲ, ಕೈ ತನ್ನಷ್ಟಕ್ಕೆ ಎಡಗಡೆಯ ಸ್ಟೀರಿಂಗ್ ಕ್ಲಚ್, ಅಂದರೆ ಟಿಲ್ಲರ್ ತಿರುಗಿಸಲು ಹ್ಯಾಂಡಲಿನಲ್ಲಿರುವ ಹಿಡಿ, ಒತ್ತಿತು. ಟಿಲ್ಲರ್ ಮೂತಿ ಬಲಕ್ಕೆ, ತೋಟದ ಕಡೆಗೆ ತಿರುಗಿತು. ಗಾಬರಿಯಲ್ಲಿ ಇನ್ನೂ ಗಟ್ಟಿ ಒತ್ತಿದೆ. ಇನ್ನೂ ಬಲಕ್ಕೆ ಹೋಯಿತು.

ಅಂಚಿನಲ್ಲಿ ಒಂದು ಹಲಸಿನ ಮರ ಇದೆ. ಅದಕ್ಕೆ ಹೋಗಿ ಗುದ್ದಿತು. ಹಿಂದಿದ್ದ ಟ್ರೈಲರ್ ನುಗ್ಗಿ ಬಂದು ಅಡ್ಡ ತಿರುಗಿತು. ಹ್ಯಾಂಡಲ್ ತಿರುಗಿ ನನ್ನ ಪಕ್ಕೆಗೆ ಬಡಿಯಿತು. ಕೆಲಸದ ಹುಡುಗ ಯಾವಾಗಲೂ ಲೋಡಿನ ಮೇಲೆ ಕೂತು ಬರುತ್ತಿದ್ದ. ಅವತ್ತು ದಾರಿಗೆ ಅಡ್ಡ ಹಾಕಿದ್ದ ಉಣುಗೋಲು ತೆಗೆಯಲು ಮುಂದೆ ಓಡಿದ್ದ. ಅವನು ಕೂತಿರುತ್ತಿದ್ದ ಜಾಗದಲ್ಲಿದ್ದ ಕಲ್ಲುಗಳೆಲ್ಲ ತೋಟದೊಳಗೆ ಬಿದ್ದಿದ್ದವು. ಟ್ರೈಲರಿನಲ್ಲಿ ಮನುಷ್ಯರನ್ನು ಕೂರಿಸುವ ವಿಷಯದಲ್ಲಿ ಇದಕ್ಕಿಂತ ಜಾಸ್ತಿ ಹೇಳಲು ನನಗೆ ಮನಸ್ಸಿಲ್ಲ.

ಈಗ ಆ ಕ್ಲಚ್ಚಿನ ವಿಷಯ. ಇದು ನನಗೆ ಗೊತ್ತಿತ್ತು, ಆದರೆ ಆ ಕ್ಷಣಕ್ಕೆ ಕೈಗೆ ಗೊತ್ತಿರಲಿಲ್ಲ. ಸಮತಟ್ಟಿನಲ್ಲಿ ಎಡ ಕ್ಲಚ್ ಒತ್ತಿದರೆ ಎಡ ಚಕ್ರಕ್ಕೆ ಇಂಜಿನ್ ಬಲ ತಪ್ಪುತ್ತದೆ, ಅದು ಹಿಂದೆ ಬೀಳುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಇಂಜಿನ್ ಎಳೆಯುತ್ತಿರುವುದಿಲ್ಲ, ಚಕ್ರಗಳನ್ನು ತಡೆದು ಹಿಡಿದಿರುತ್ತದೆ. ಆಗ ಎಡ ಕ್ಲಚ್ ಒತ್ತಿದರೆ ಎಡ ಚಕ್ರಕ್ಕೆ ಆ ತಡೆ ತಪ್ಪಿ ಅದು ಮುಂದೆ ಓಡುತ್ತದೆ. ಬಲ ಚಕ್ರ ಹಿಡಿದೇ ಇರುತ್ತದೆ. ಗಾಡಿ ಬಲಕ್ಕೆ ತಿರುಗುತ್ತದೆ. ಹಿಂದೆ ಟ್ರೈಲರಿನ ಭಾರ ನೂಕುತ್ತಿದ್ದರಂತೂ ಕೇಳುವುದೇ ಬೇಡ. ಉಲ್ಟಾ ಒತ್ತಬೇಕು ಅಂತ ಕೆಲವರು ಹೇಳುತ್ತಾರೆ. ನನ್ನ ಪ್ರಕಾರ ಕಡಿದಾದ ಇಳುಕಲಿನಲ್ಲಿ ಕ್ಲಚ್ ಮುಟ್ಟಲೇಬಾರದು. ಲೋ ಗೇರಿನಲ್ಲಿ ನಿಧಾನ ಇದ್ದರೆ ಹ್ಯಾಂಡಲನ್ನು ಮೈಭಾರ ಹಾಕಿ ದೂಡಿಯೇ ತಿರುಗಿಸಬಹುದು. ಗೇರ್ ಇಳಿಸುವುದು ನೆತ್ತಿಯಲ್ಲೇ, ನಿಲ್ಲಿಸಿಕೊಂಡು. ಅರ್ಧ ದಾರಿಯಲ್ಲಿ ನ್ಯೂಟ್ರಲ್ ಮಾಡಿದರೆ ಇದ್ದ ತಡೆಯೂ ಹೋಯಿತು. ಡೀಸೆಲ್ ಉಳಿಸಲು ನ್ಯೂಟ್ರಲಿನಲ್ಲಿ ಇಳಿಯುವ ಪುಣ್ಯಾತ್ಮರೂ ನಮ್ಮೂರಲ್ಲಿದ್ದಾರೆ.

ಇನ್ನು ಬ್ರೇಕ್ ಯಾಕೆ ಹಿಡಿಯಲಿಲ್ಲ? ಇದರಲ್ಲಿ ತಪ್ಪು ಪೂರ್ತಿ ನನ್ನದೇ. ಮೆಕ್ಯಾನಿಕ್ ಮನೆಗೇ ಬಂದು ಚಕ್ರ ಬಿಚ್ಚಿದರು. ನಾನು ಜಗಲಿಯಲ್ಲಿ ದಿಂಬಿಗೆ ಒರಗಿ ನೋಡುತ್ತಿದ್ದೆ. ಡ್ರಮ್ ಎಳೆದ ಕೂಡಲೇ ಒಳಗಿನಿಂದ ಕರಿ ಗ್ರೀಸ್ ತೊಟ್ಟಿಕ್ಕಿತು. ಬ್ರೇಕ್ ಶೂ ಮೇಲೆ ಕೈಯಾಡಿಸಿ ಬೆರಳು ತೋರಿಸಿದರು.

"ಎಂತ ಮಾರಾಯ್ರೆ, ಬ್ರೇಕಿಗೂ ಗ್ರೀಸ್ ಹೊಡೆದಿದ್ದೀರಲ್ಲ!"

ಆದದ್ದು ಇಷ್ಟೇ. ಮಳೆಗಾಲದಲ್ಲಿ ಗದ್ದೆ ನೀರಿನಲ್ಲಿ ಟ್ರೈಲರ್ ಓಡಾಡಿತ್ತು. ಚಕ್ರದ ನಡುವಿನ ಹಬ್ ಒಳಗೆ ಗ್ರೀಸ್ ಹೊರಗೆ ಬಾರದಂತೆ ತಡೆಯುವ ಆಯಿಲ್ ಸೀಲ್ ಹರಿದಿತ್ತು. ನಾನು ಬಿಚ್ಚಿ ನೋಡುವ ಬದಲು ಗ್ರೀಸ್ ಗನ್ ಇಟ್ಟು ಪಂಪ್ ಮಾಡಿದೆ, ಮಾಡಿದೆ. ಜಾಸ್ತಿಯಾದ ಗ್ರೀಸ್ ಹರಿದ ಸೀಲಿನಿಂದ ಡ್ರಮ್ಮಿಗೆ ಇಳಿಯಿತು. ನಾಲ್ಕು ಟ್ರಿಪ್ಪಿನಲ್ಲಿ ಡ್ರಮ್ ಕಾದು, ಗ್ರೀಸ್ ತೆಳುವಾಗಿ ಶೂಗೆಲ್ಲ ಹರಡಿತು. ಐದನೆಯದರಲ್ಲಿ ನಾನು ಒತ್ತಿದ್ದು ಬ್ರೇಕನ್ನಲ್ಲ, ಬೆಣ್ಣೆಯನ್ನು.

ಪೆಟ್ರೋಲಿನಲ್ಲಿ ಒರೆಸಿ ಮತ್ತೆ ಹಾಕಬಹುದಾ ಅಂತ ಕೇಳಿದೆ. ಶೂ ಮೇಲಿನ ಲೈನಿಂಗ್ ಒಮ್ಮೆ ಗ್ರೀಸ್ ಕುಡಿದರೆ ಮುಗಿಯಿತಂತೆ, ಕಾದಾಗ ಮತ್ತೆ ಹೊರಗೆ ಬಿಡುತ್ತದೆ. ಎರಡೂ ಚಕ್ರಕ್ಕೆ ಹೊಸದೇ ಹಾಕಿಸಿದೆ. ಒಂದೇ ಕಡೆ ಬದಲಿಸಿದರೆ ಬ್ರೇಕ್ ಒಂದೇ ಮಗ್ಗುಲಿಗೆ ಎಳೆಯುತ್ತದೆ.

ಇನ್ನು ಮುಂದೆ ನಾನು ಮಾಡುವುದು: ಮಳೆಗಾಲ ಕಳೆದ ಮೇಲೆ ಹಬ್ ಬಿಚ್ಚಿಸುವುದು. ಹಳೆ ಗ್ರೀಸ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಅಂತ ಅರ್ಥ. ಬೇರಿಂಗನ್ನು ಡೀಸೆಲಿನಲ್ಲಿ ತೊಳೆದು, ಒಣಗಿಸಿ, ಅಂಗೈಯಲ್ಲಿ ಹೊಸ ಗ್ರೀಸ್ ಇಟ್ಟುಕೊಂಡು ಒಳಗೆ ತುಂಬಬೇಕು. ಸೀಲ್ ಹೊಸದೇ ಇರಲಿ, ಅದರಲ್ಲಿ ಜುಗ್ಗತನ ಬೇಡ. ಒಂದು ಟ್ರಿಪ್ ಹೋಗಿ ಬಂದ ಮೇಲೆ ಹಬ್ ಮುಟ್ಟಿ ನೋಡುವುದನ್ನೂ ಅಭ್ಯಾಸ ಮಾಡಿಕೊಳ್ಳಬೇಕು. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗೋ ಬ್ರೇಕೋ ಹಿಡಿದುಕೊಂಡಿದೆ.

ಲೋಡಿನ ಬಗ್ಗೆ ಅಪ್ಪಯ್ಯ ಆಸ್ಪತ್ರೆಯಲ್ಲೇ ಬೈದರು. "ಎತ್ತಿನ ಗಾಡಿ ಹೊಡೆದಿದ್ರೆ ನಿಂಗೆ ಗೊತ್ತಾಗ್ತಿತ್ತು. ಹಿಂಭಾರ ಆದ್ರೆ ಮೂಕಿ ಏಳುತ್ತೆ." ನಿಜ. ಮೂಕಿ ಅಂದರೆ ಗಾಡಿಯ ಮುಂದೆ ಎತ್ತುಗಳ ಕಡೆಗೆ ಚಾಚಿದ ಮರ. ಎರಡು ಚಕ್ರದ ಟ್ರೈಲರಿಗೂ ಅದೇ ಲೆಕ್ಕ. ಹಿಂದೆ ಭಾರ ಜಾಸ್ತಿಯಾದರೆ ಅದು ಟಿಲ್ಲರಿನ ಬೆನ್ನನ್ನು ಮೇಲಕ್ಕೆತ್ತುತ್ತದೆ, ಟಿಲ್ಲರ್ ಚಕ್ರಕ್ಕೆ ಮಣ್ಣಿನ ಹಿಡಿತ ಸಿಗುವುದಿಲ್ಲ. ಅಚ್ಚಿನಿಂದ ಮುಂದಕ್ಕೆ ಸ್ವಲ್ಪ ಜಾಸ್ತಿ ಇರಬೇಕು. ಪೂರ್ತಿ ಮುಂದಕ್ಕೂ ಪೇರಿಸಬೇಡಿ, ಹ್ಯಾಂಡಲ್ ತಿರುಗಿಸಲಾಗುವುದಿಲ್ಲ.

ಟಿಲ್ಲರಿಗೆ ಟ್ರೈಲರ್ ಸಿಕ್ಕಿಸುವ ಕೊಂಡಿಯ ಪಿನ್ನನ್ನೂ ನೋಡಿಕೊಳ್ಳಿ. ನಮ್ಮದರಲ್ಲಿ ಅದು ಜಾರದಂತೆ ತಡೆಯುವ ಕಾಟರ್ ಪಿನ್ ಯಾವಾಗಲೋ ಬಿದ್ದುಹೋಗಿ, ಅದರ ಜಾಗದಲ್ಲಿ ಬಗ್ಗಿಸಿದ ಮೊಳೆ ಇತ್ತು. ನಾನು ಹಾಕಿದ್ದಲ್ಲ. ಹಿಂದಿನ ತಿಂಗಳು ಗೊಬ್ಬರ ಹೊಡೆಯಲು ಎರವಲು ಒಯ್ದವರು ಹಾಕಿದ್ದು. ಟಿಲ್ಲರ್ ನಮ್ಮಲ್ಲಿ ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತದೆ, ಅಲ್ವಾ? ವಾಪಸ್ ಬಂದಾಗ ಸುಮ್ನೆ ಶೆಡ್ಡಿಗೆ ನುಗ್ಗಿಸಬೇಡಿ. ಪಿನ್ ನೋಡಿ, ಬ್ರೇಕ್ ಒಮ್ಮೆ ಒತ್ತಿ ನೋಡಿ. ನೀವು ಎರವಲು ತರುವವರಾದರೆ ಖಾಲಿ ಟ್ರೈಲರ್ ಕಟ್ಟಿಕೊಂಡು ಸಮತಟ್ಟಿನಲ್ಲೇ ಬ್ರೇಕ್ ಪರೀಕ್ಷೆ ಮಾಡಿ, ಆಮೇಲೆ ಲೋಡ್ ಹಾಕಿ.

ಉಳಿದ 80 ಕಲ್ಲು ಇನ್ನೂ ರಸ್ತೆ ಬದಿಯಲ್ಲೇ ಇವೆ. ಮೆಕ್ಯಾನಿಕ್ ಟಿಲ್ಲರ್ ರೆಡಿ ಮಾಡಿ ನಿಲ್ಲಿಸಿ ಹೋಗಿದ್ದಾರೆ. ಡಾಕ್ಟರು ಇನ್ನೊಂದು ತಿಂಗಳು ಭಾರ ಎತ್ತಬೇಡಿ ಅಂದಿದ್ದಾರೆ. ಹೆಂಡತಿ ಕೀಲಿ ಎಲ್ಲಿಟ್ಟಿದ್ದಾಳೆ ಅಂತ ಹೇಳುತ್ತಿಲ್ಲ.