ತುಮಕೂರಿನ ಒಂದು ಸ್ಕ್ಯಾನ್ ಕೇಂದ್ರ: ಚಿತ್ರ ಸ್ಪಷ್ಟ, ವರದಿ ಅಪೂರ್ಣ

ಬೆಂಗಳೂರಿನಲ್ಲಿ ಗುದನಾಳದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುವ ನಮ್ಮ ಭಾವನವರ ಸಿಟಿ ಸ್ಕ್ಯಾನ್ ತುಮಕೂರಿನಲ್ಲೇ ಆದರೆ ಸುಮಾರು 70 ಕಿ.ಮೀ. ಪ್ರಯಾಣ ತಪ್ಪುತ್ತದೆಂದು ಇಲ್ಲಿನ ಖಾಸಗಿ ಕೇಂದ್ರವೊಂದಕ್ಕೆ ಹೋಗಿದ್ದೆವು. ಸಿಬ್ಬಂದಿಯ ಬಗ್ಗೆ ದೂರಿಲ್ಲ. ಚಿತ್ರ ಸ್ಪಷ್ಟವಾಗಿ ಬರಲೆಂದು ಕೊಡುವ ಕಾಂಟ್ರಾಸ್ಟ್ ದ್ರವ ಚುಚ್ಚುವ ಮುನ್ನ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನೈನ್ ರಿಪೋರ್ಟ್ ನೋಡಿದರು, ಅಲರ್ಜಿಯ ಬಗ್ಗೆ ವಿಚಾರಿಸಿದರು. ಮಲ ಹೊರಹೋಗಲು ಹೊಟ್ಟೆಗೆ ಚೀಲ ಹಾಕಿಸಿಕೊಂಡಿರುವ ಅವರಿಗೆ ಸಂಕೋಚವಾಗದಂತೆ ನಡೆದುಕೊಂಡರು.

ತೊಡಕಿರುವುದು ವರದಿಯಲ್ಲಿ. ಬೆನ್ನುಮೂಳೆಯ ತಳದ ಮುಂದೆ ಅಂಗಾಂಶ ದಪ್ಪವಾಗಿದೆ, ಕ್ಯಾನ್ಸರ್ ಮರುಕಳಿಸಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದಷ್ಟೇ ಬರೆದಿದ್ದರು. ಗುದನಾಳ ತೆಗೆದ ಜಾಗದಲ್ಲಿ ಗಾಯ ಮಾಗಿ ನಾರುಗಟ್ಟುವುದು ಸಹಜ. ಮೂತ್ರಕೋಶವೂ ಹಿಂದಕ್ಕೆ ಜರುಗಿ ಆ ಖಾಲಿ ಜಾಗದಲ್ಲಿ ಗಡ್ಡೆಯಂತೆ ತೋರಬಹುದು. ನಾರಿಗೂ ಗಡ್ಡೆಗೂ ಇರುವ ವ್ಯತ್ಯಾಸವನ್ನು ಒಂದೇ ಸಿಟಿ ಸ್ಕ್ಯಾನ್ ನೋಡಿ ಹೇಳುವುದು ನುರಿತ ರೇಡಿಯಾಲಜಿಸ್ಟರಿಗೂ ಕಷ್ಟ. ಆದ್ದರಿಂದಲೇ ಶಸ್ತ್ರಚಿಕಿತ್ಸೆಯಾದ ಕೆಲವು ತಿಂಗಳಿಗೆ ತೆಗೆದ ಮೊದಲ ಸ್ಕ್ಯಾನ್ ಪಕ್ಕದಲ್ಲಿರಬೇಕು: ಅಂದಿನಷ್ಟೇ ಇದ್ದರೆ ಅಥವಾ ಕುಗ್ಗಿದ್ದರೆ ಬಹುಮಟ್ಟಿಗೆ ಗಾಯದ ಗುರುತು, ಬೆಳೆದಿದ್ದರೆ ಅನುಮಾನಕ್ಕೆ ಕಾರಣ. ಆ ಸಿಡಿ ನಮ್ಮ ಕೈಚೀಲದಲ್ಲೇ ಇತ್ತು. ಯಾರೂ ಕೇಳಲಿಲ್ಲ, ನಾವಾಗಿ ಕೊಡಹೋದಾಗ, ಹಳೆಯದನ್ನು ನಿಮ್ಮ ಡಾಕ್ಟರಿಗೇ ತೋರಿಸಿ ಎಂದರು. ಯಾವ ಬಗೆಯ ಶಸ್ತ್ರಚಿಕಿತ್ಸೆ, ರೇಡಿಯೇಷನ್ ಆಗಿತ್ತೇ ಎಂಬುದೂ ವರದಿಯಲ್ಲಿಲ್ಲ.

ಬೆಂಗಳೂರಿನ ವೈದ್ಯರು ಎರಡು ಸಿಡಿಗಳನ್ನೂ ಅಕ್ಕಪಕ್ಕ ತೆರೆದು, ಕ್ಯಾನ್ಸರ್ ಮರುಕಳಿಸಿದರೆ ಹೆಚ್ಚಾಗಿ ಏರುವ ಸಿಇಎ ಎಂಬ ಅಂಶದ ಮಟ್ಟ ರಕ್ತದಲ್ಲಿ ಏರಿಲ್ಲವೆಂಬುದನ್ನೂ ಗಮನಿಸಿ, ಎಂಆರ್‌ಐ ಬರೆದುಕೊಟ್ಟರು. ಹಳೆಯ ನಾರು ಅದರಲ್ಲಿ ಸಾಮಾನ್ಯವಾಗಿ ಗಡ್ಡೆಗಿಂತ ಕಪ್ಪಾಗಿ ಕಾಣುತ್ತದೆ. ರೇಡಿಯೇಷನ್ ಆದ ಹೊಸತರಲ್ಲಿ ಮಾತ್ರ ಎಂಆರ್‌ಐ ಕೂಡ ಗೊಂದಲ ಹುಟ್ಟಿಸಬಲ್ಲದು. ಪೆಟ್ ಸ್ಕ್ಯಾನ್ ಮಾಡಿಸಿಬಿಡಿ ಎಂದು ಸಲಹೆ ಕೊಡುವ ಬಂಧುಗಳಿಗೆ ಕೊರತೆಯಿರಲಿಲ್ಲ, ಆದರೆ ಕ್ಯಾನ್ಸರ್ ಹೊಳೆಯುವಂತೆ ತೋರಿಸುವ ಆ ಸ್ಕ್ಯಾನ್‌ನಲ್ಲಿ ಮಾಗುತ್ತಿರುವ ಉರಿಯೂತವೂ ಹೊಳೆಯುತ್ತದೆ, ಲೋಳೆ ತುಂಬಿದ ಕೆಲವು ಗಡ್ಡೆಗಳು ಹೊಳೆಯುವುದೇ ಇಲ್ಲ. ಎಂಆರ್‌ಐಯಲ್ಲಿ ಕಂಡದ್ದು ಗಾಯದ ನಾರೇ.

ಚಿತ್ರದ ಗುಣಮಟ್ಟಕ್ಕೆ ಐದರಲ್ಲಿ ನಾಲ್ಕು ಅಂಕ, ವರದಿಗೆ ಎರಡು. ಮುಂದಿನ ಸ್ಕ್ಯಾನ್‌ಗೂ ಅಲ್ಲಿಗೇ ಹೋಗುವ ಯೋಚನೆಯಿದೆ. ಆದರೆ ಹಳೆಯ ಸಿಡಿ ಮತ್ತು ಡಿಸ್ಚಾರ್ಜ್ ಸಮ್ಮರಿಯನ್ನು ನೋಡಿ ಹೋಲಿಕೆಯನ್ನು ವರದಿಯಲ್ಲಿ ಬರೆದುಕೊಡುತ್ತಾರೆಯೇ ಎಂದು ಮೊದಲು ಕೇಳಿ, ಒಪ್ಪಿದರೆ ಮಾತ್ರ ಹಣ ಕಟ್ಟುತ್ತೇವೆ.