ಒಂದೂವರೆ ಅಂದ್ರೆ ಯಾವ ಒಂದೂವರೆ? ಹಳೇ ಎಂಟಿಬಿಗೆ ಮೂರು ಟೈರ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 1.75 ಇಂಚು ಅಗಲದ ಟೈರಿಗೆ.

ಮನೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ, 26 ಇಂಚಿನ ಚಕ್ರದ ಎಂಟಿಬಿ (ಮೌಂಟನ್ ಬೈಕ್, ಗುಡ್ಡಗಾಡಿನ ಸೈಕಲ್) ಇತ್ತು. ಆಫೀಸು, ಹಾಲು, ಮೈಸೂರಿನ ದೇವರಾಜ ಮಾರ್ಕೆಟ್ಟಿನ ತರಕಾರಿ, ಎಲ್ಲಕ್ಕೂ ಅದನ್ನೇ ಒಗ್ಗಿಸಬೇಕಿತ್ತು. ಡಾಂಬರಿಗೂ ಮಣ್ಣಿಗೂ ಆಗುವ ಹೊಸ ಹೈಬ್ರಿಡ್ ಸೈಕಲ್ಲಿಗೆ ಜೇಬು ಒಪ್ಪಲಿಲ್ಲ. ಕ್ಯಾರಿಯರ್, ಮಡ್‌ಗಾರ್ಡ್, ಬೆಲ್ಲು ಒಂದೇ ಭಾನುವಾರ ಮುಗಿಯಿತು. (ಸೀಟಿನ ಕಂಬಕ್ಕೆ ಕಚ್ಚಿಸುವ ಕ್ಯಾರಿಯರ್ ಬೇಡ, ಫ್ರೇಮಿಗೆ ಬೋಲ್ಟ್ ಆಗುವುದನ್ನೇ ತಗೊಳ್ಳಿ. ಮೊದಲನೆಯದು ನನ್ನ ಒಂದು ಕುಂಬಳಕಾಯಿಗೇ ಪಕ್ಕಕ್ಕೆ ತಿರುಗಿಕೊಂಡಿತು.) ತಲೆನೋವು ಕೊಟ್ಟದ್ದು ಟೈರು.

ಇದ್ದದ್ದು 2.1 ಇಂಚು ಅಗಲದ, ಮೈತುಂಬ ಗುಬುಟಿರುವ ಬಟನ್ ಟೈರ್. ಮಣ್ಣಿಗೆ ಅದೇ ಸರಿ. ಡಾಂಬರಿನ ಮೇಲೆ ಮಾತ್ರ ಗುಂಯ್ ಅಂತ ಕೂಗುತ್ತದೆ, ತುಳಿದಷ್ಟೂ ಹಿಂದಕ್ಕೆ ಎಳೆದ ಹಾಗೆ.

ಸಣ್ಣದು ಹಾಕೋಣ ಅಂತ ಅಂಗಡಿಗೆ ಹೋಗಿ "ಇಪ್ಪತ್ತಾರು, ಒಂದೂವರೆ" ಅಂದೆ. ಕೊಟ್ಟರು, ತಂದೆ. ಟೈರ್ ಮೀಟುವ ಲಿವರ್ ಇಲ್ಲದೆ ಕೈಯಲ್ಲೇ ರಿಮ್ಮಿಗೆ ಏರಿತು. ಪರವಾಗಿಲ್ವೇ ನನ್ನ ಕೈ ಅಂತ ಬೀಗಿದೆ. ಗಾಳಿ ಹೊಡೆದ ಹಾಗೆ ಟೈರು ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಒಳಗೆ ಕೂತಿತು. ಏನಪ್ಪಾ ಇದು ಅಂತ ಬಗ್ಗಿ ನೋಡುವಷ್ಟರಲ್ಲಿ ಅಂಚಿನಿಂದ ಟ್ಯೂಬು ಕಪ್ಪೆ ಗಂಟಲಿನ ಹಾಗೆ ಹೊರಗೆ ಬಂತು. ಢಂ! ಪಕ್ಕದ ಮನೆಯವರು ಸಿಲಿಂಡರ್ ಅಂದುಕೊಂಡರು.

ಆಮೇಲೆ ತಿಳಿದದ್ದು ಇಷ್ಟು. 26×1.5 ಬೇರೆ, 26×1½ ಬೇರೆ. ಲೆಕ್ಕದ ಮೇಷ್ಟ್ರಿಗೆ ಎರಡೂ ಒಂದೇ, ನಮ್ಮ ಬಾಯಲ್ಲೂ ಎರಡೂ ಒಂದೂವರೆಯೇ. ರಿಮ್ಮಿಗೆ ಮಾತ್ರ ಅಲ್ಲ. ಚುಕ್ಕಿ ಇರುವುದು ಎಂಟಿಬಿಯದು, ರಿಮ್ಮಿನಲ್ಲಿ ಟೈರು ಕೂರುವ ಕಡೆಯ ವ್ಯಾಸ 559 ಮಿಲಿಮೀಟರ್. ಭಿನ್ನರಾಶಿ ಇರುವುದು ಹಳೇ ಮಾದರಿ ಸೈಕಲ್ಲಿನದು, 584. ಎರಡೂವರೆ ಸೆಂಟಿಮೀಟರ್ ಸಡಿಲ! 26×1⅜ ಇನ್ನೂ ದೊಡ್ಡದು, 590. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಈ ಸಂಖ್ಯೆ ಅಚ್ಚಾಗಿರುತ್ತದೆ. ಹರಿದ ಟ್ಯೂಬು ಕೈಯಲ್ಲಿ ಹಿಡಿದುಕೊಂಡು ನಾನು ಅದನ್ನು ಓದಿದೆ. ಒಮ್ಮೆ ಹಾಕಿದ ಟೈರು ವಾಪಸ್ ಇಲ್ಲ ಅಂದರು ಅಂಗಡಿಯವರು. ಕೇಳಿದ್ದು ನಾನೇ ಅಲ್ವಾ, ಸುಮ್ನೆ ಬಂದೆ.

ಚುಕ್ಕಿಯ 1.5 ಸಿಕ್ಕಿತು, ಒಂದು ತಿಂಗಳು ಓಡಿಸಿದೆ. ಹಗುರ, ಸದ್ದಿಲ್ಲ, ಏರು ಬಂದರೂ ಉಸಿರು ಉಳಿಯುತ್ತದೆ. ಆದರೆ ಗಾಳಿ ಗಟ್ಟಿಯಾಗಿ ಇರಲೇಬೇಕು. ಇಲ್ಲದಿದ್ದರೆ ಗುಂಡಿಗೆ ಬಿದ್ದಾಗ ರಿಮ್ಮೇ ಬಡಿಯುತ್ತದೆ. ವಾರಕ್ಕೊಮ್ಮೆ ಪಂಪ್ ಹಿಡಿಯುವ ಶಿಸ್ತು ನನ್ನ ಜಾತಕದಲ್ಲಿ ಇಲ್ಲ. ಕ್ಯಾರಿಯರ್ ಮೇಲೆ ಹತ್ತು ಕೆಜಿ ಅಕ್ಕಿ ಇದ್ದ ದಿನ ಹಂಪ್ ಒಂದೊಂದೂ ಬೆನ್ನಿಗೆ ಲೆಕ್ಕ ಕೊಟ್ಟಿತು. ಆ ಟೈರನ್ನು ತಮ್ಮನಿಗೆ ದಾಟಿಸಿದೆ. ಅವನು ಖಾಲಿ ಕೈಯಲ್ಲಿ ಹೋಗುವವನು, ಖುಷಿಯಾಗಿದ್ದಾನೆ.

ಈಗ ಇರುವುದು 1.75, ನಡುವೆ ನಯ, ಅಂಚಲ್ಲಿ ಸಣ್ಣ ಹಲ್ಲು. 1.5ರಷ್ಟು ಓಟ ಇಲ್ಲ, ನಿಜ. ಗಾಳಿ ಸ್ವಲ್ಪ ಇಳಿದಿದ್ದರೂ ಗೊಣಗುವುದಿಲ್ಲ. ವಾಲ್ವ್ ಹೇಗೂ ಬೈಕಿನ ಥರದ್ದೇ, ನೆನಪಾದಾಗ ಪೆಟ್ರೋಲ್ ಬಂಕಿನಲ್ಲಿ ಹೊಡೆಸುತ್ತೇನೆ. ರಸ್ತೆ ಅಗೆದ ಕಡೆ ಇಳಿದು ತಳ್ಳಬೇಕಿಲ್ಲ. ಹಾಲು ಚೆಲ್ಲಿಲ್ಲ.

ಇದನ್ನು ತರುವಾಗ ಬುದ್ಧಿ ಬಂದಿತ್ತು. "ಒಂದೂ ಮುಕ್ಕಾಲು" ಅನ್ನಲಿಲ್ಲ. ಅಂಗಡಿಗೆ ಹೋಗಿ ಗತ್ತಿನಿಂದ "ಐನೂರ ಐವತ್ತೊಂಬತ್ತು ಇದೆಯಾ?" ಅಂದೆ.

"ಅಷ್ಟಕ್ಕೆ ಬರಲ್ಲ ಸಾರ್, ಆರುನೂರು ಆಗುತ್ತೆ."